ಮಣೆಗಿಳಿದ ಅತ್ತೆ

ಜಗತ್ತಿನ ಜನರೆಲ್ಲ ಮೇಲೇರಲು ಒದ್ದಾಡುತ್ತಿದ್ದರೆ ನಮ್ಮ ಅತ್ತೆ ಒಬ್ಬಳು ಕೆಳಗಿಳಿಯಲು ಒದ್ದಾಡಿದಳು! ಬೆಟ್ಟ ಹತ್ತಿದವರ ಫೋಟೋ ಪೇಪರಿನಲ್ಲಿ ಬರುತ್ತದೆ. ದೊಡ್ಡ ಹುದ್ದೆಗೆ ಏರಿದವರಿಗೆ ಶಾಲು ಹೊದಿಸುತ್ತಾರೆ. ಕುರ್ಚಿಯಿಂದ ನೆಲಕ್ಕಿಳಿದವರಿಗೆ ಯಾರಾದರೂ ಒಂದು ಹಾರ ಹಾಕಿದ್ದನ್ನು ನೋಡಿದ್ದೀರಾ? ಇಲ್ಲ ತಾನೇ? ಅದಕ್ಕೇ ಇದನ್ನು ಬರೆಯಬೇಕಾಯಿತು.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ಗೋಪನಕೊಪ್ಪದ ನಮ್ಮ ಮನೆಗೆ ಬಂದವಳು. ಬಂದವಳು ಮೂಲೆಯಲ್ಲಿ ಕೂರಲಿಲ್ಲ, ಇಡೀ ಮನೆಯನ್ನು ತನ್ನ ಬಾಯಿಯ ಬಲದ ಮೇಲೆ ನಡೆಸಿದಳು. 'ಅತ್ತೆ' ಎಂಬ ಶಬ್ದಕ್ಕೆ 'ನಾನು ಕಣ್ಣೀರು ಸುರಿಸಿದೆ' ಎಂಬ ಅರ್ಥವೂ ಇದೆ ಎಂದು ಶಾಲೆಯಲ್ಲಿ ಗೊತ್ತಾದ ದಿನ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಅತ್ತೆಗೂ ಅಳುವಿಗೂ ಎಲ್ಲಿಯ ಸಂಬಂಧ? ಅವಳು ಬೇರೆಯವರನ್ನು ಅಳಿಸಿದ್ದನ್ನು ಇಡೀ ಓಣಿ ನೋಡಿದೆ. ಅವಳು ಅತ್ತದ್ದನ್ನು ಕಂಡವರು ಯಾರೂ ಇಲ್ಲ.

ಅವಳಿಗೆ ಸ್ವಂತ ಮಕ್ಕಳಿಲ್ಲ. ಆದರೆ ಓಣಿಯ ಅರ್ಧ ಮಕ್ಕಳು ಅವಳ ಕಾಲ ಮೇಲೆ ಬೆಳೆದವರು. ಬಚ್ಚಲಲ್ಲಿ ಗಿಡ್ಡ ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಮೂಗು ತಿದ್ದಿ, ಬಿಸಿನೀರು ಎರೆಯುವುದರಲ್ಲಿ ಅವಳನ್ನು ಸರಿಗಟ್ಟುವವರು ಇರಲಿಲ್ಲ. "ಆ ಮೂಗು ನಾ ಮಾಡಿದ್ದು" ಎಂದು ಮದುವೆಯ ಮಂಟಪದಲ್ಲಿ ಕೂತ ಮದುಮಗನನ್ನು ಅವಳು ಬೆರಳು ಮಾಡಿ ತೋರಿಸಿದ್ದುಂಟು! ಬರಬರುತ್ತ ಓಣಿಯಲ್ಲಿ ಕೂಸುಗಳು ಕಡಿಮೆಯಾದವು, ಅತ್ತೆ ಮಾತ್ರ ಹೆಚ್ಚಾಗುತ್ತ ಹೋದಳು. ಕೈಗಳಿರುವ ಕುರ್ಚಿಯಲ್ಲಿ ಕೂತರೆ ಏಳುವಾಗ ಕುರ್ಚಿಯೂ ಅವಳ ಜೊತೆಗೇ ಏಳತೊಡಗಿತು. ಕೊನೆಗೆ ಅವಳು ಮಂಚ ಬಿಟ್ಟರೆ ಕೈಯಿಲ್ಲದ ಕುರ್ಚಿ, ಕುರ್ಚಿ ಬಿಟ್ಟರೆ ಮಂಚ ಎಂಬಂತಾದಳು. ನೆಲ ಅವಳಿಗೆ ಮೇಲಿನಿಂದ ನೋಡುವ ವಸ್ತುವಾಗಿ ಹೋಯಿತು.

ಹೀಗಿರುವಾಗ ಗಂಡನ ಮನೆಯಿಂದ ಬಂದ ನಾನು ಬಸುರಿ ಎಂಬ ಸುದ್ದಿ ಹೇಳಿದೆ. ಅಮ್ಮ ಖುಷಿಯ ಭರದಲ್ಲಿ ಅತ್ತೆಯ ಎದುರಿಗೇ ಅಂದುಬಿಟ್ಟಳು:

"ಗಬ್ಬೂರಾಗ ಕೂಸಿಗೆ ಎರಿಯಾಕಿ ಒಬ್ಬಾಕಿ ಅದಾಳಂತ. ಈಗ ಹೇಳಿ ಇಟ್ಟಬಿಡೂಣು."

"ಯಾಕ? ನಾ ಸತ್ತೇನೇನು?"

"ಹಂಗಲ್ರಿ ಅಕ್ಕಾರ. ನಿಮಗ ಕೆಳಗ ಕುಂದ್ರಾಕ ಬರೂದಿಲ್ಲಲ್ರಿ."

"ಬರೂದಿಲ್ಲ ಅಂತ ಯಾರಂದ್ರು?"

ಅತ್ತೆ ಅಲ್ಲೇ ಪಣ ತೊಟ್ಟಳು. ಕೂಸು ಮನೆಗೆ ಬರುವುದರೊಳಗೆ ಅವಳು ಮಣೆಯ ಮೇಲೆ ಕೂತು, ಯಾರ ಕೈಯನ್ನೂ ಹಿಡಿಯದೆ ಎದ್ದು ತೋರಿಸಬೇಕು. ಆಗಲಿಲ್ಲವೆಂದರೆ? "ಆ ಗಬ್ಬೂರನಾಕಿನ್ನ ಕರಸ್ರಿ. ನಾನ ಆಕಿಗೆ ಚಾ ಮಾಡಿ ಕೊಡ್ತೇನಿ!" ಅತ್ತೆ ಇನ್ನೊಬ್ಬರಿಗೆ ಚಹಾ ಮಾಡಿಕೊಡುವುದೆಂದರೆ ಅದಕ್ಕಿಂತ ದೊಡ್ಡ ಸೋಲು ನಮ್ಮ ಮನೆಯಲ್ಲಿ ಇರಲಿಲ್ಲ.

ಮೊದಲು ಡಾಕ್ಟರ ಹತ್ತಿರ ಹೋದೆವು. ಪಾಪ, ಅವರು ಹೊಸಬರು. "ಅಮ್ಮಾರ, ಮೊದಲ ತೂಕ ಇಳಸ್ರಿ" ಎಂದರು. ಅತ್ತೆ ಅಂದಳು, "ತೂಕ ಆಮ್ಯಾಲ ಇಳಸೂಣಂತ, ಮೊದಲ ನನ್ನ ಇಳಸ್ರಿ!" ಡಾಕ್ಟರು ನಕ್ಕು, ಕಾಲು ಮಡಿಸಿ ನೀಡಿಸಿ ಪರೀಕ್ಷೆ ಮಾಡಿ, ಮೊಣಕಾಲು ಕೆಟ್ಟಿಲ್ಲ, ಕೆಲಸವಿಲ್ಲದೆ ಕಾಲು ಸೋಮಾರಿಯಾಗಿವೆ ಎಂದರು. ಕುರ್ಚಿಯ ಮೇಲೆ ಕೂತು ಏಳುವುದನ್ನೇ ದಿನಾಲು ಮಾಡಬೇಕು, ಅದು ಸಲೀಸಾದ ಮೇಲೆ ಅದಕ್ಕಿಂತ ಗಿಡ್ಡ ಕುರ್ಚಿ, ಆಮೇಲೆ ಸ್ಟೂಲು, ಹೀಗೆ ಮೆಲ್ಲಗೆ ಇಳಿಯಬೇಕು. ಅತ್ತೆ ಹೊರಗೆ ಬಂದವಳೇ ಆಟೋ ಹತ್ತುವ ತನಕ ಬುಸುಗುಟ್ಟಿದಳು. "ಸೋಮಾರಿ ಅಂದನಲ್ಲ! ನನ್ನ ಕಾಲಿಗೆ!" ಆ ಒಂದು ಶಬ್ದ ಯಾವ ಔಷಧಿಯೂ ಮಾಡದ ಕೆಲಸ ಮಾಡಿತು.

ನಾನು ಮೊಬೈಲಿನಲ್ಲಿ ವ್ಯಾಯಾಮದ ವಿಡಿಯೋ ಹಾಕಿಕೊಟ್ಟೆ. ಕಡ್ಡಿಯಂಥ ಹುಡುಗಿಯೊಬ್ಬಳು ನಗುನಗುತ್ತ ಕೂತು ಎದ್ದು ಮಾಡುತ್ತಿದ್ದಳು.

"ಈಕಿಗೆ ಯಾರರ ಮೊದಲ ಎರಡ ರೊಟ್ಟಿ ಹಾಕ್ರಿ" ಎಂದಳು ಅತ್ತೆ. "ಏನ್ ಅನ್ನಾಕತ್ತಾಳ ಈಕಿ?"

"ಉಸಿರು ತಗೋರಿ ಅಂತಾಳ."

"ಹುಟ್ಟಿದಾಗಿಂದ ನಾ ಮತ್ತೇನ್ ತಗೊಳ್ಳಾಕತ್ತೇನಿ?"

ಆ ಹುಡುಗಿ ಎಷ್ಟು ಮಾಡಿದರೂ ಬೆವರಲಿಲ್ಲ. ಬೆವರದವರ ಮಾತು ಕೇಳುವುದಿಲ್ಲ ಎಂದು ಅತ್ತೆ ಮೊಬೈಲು ಮುಚ್ಚಿಸಿದಳು. ನಾನು ತಂದುಕೊಟ್ಟ ಟ್ರ್ಯಾಕ್ ಪ್ಯಾಂಟನ್ನು ಮಾತ್ರ ಬಿಡಲಿಲ್ಲ. ಅದನ್ನು ಹಾಕಿಕೊಂಡು ಮೇಲೆ ಇಳಕಲ್ ಸೀರೆ ಉಟ್ಟು ಕಚ್ಚೆ ಬಿಗಿದಳು. "ಒಳಗ ಅದು ಇರಲಿ, ಹೊರಗ ನಾ ಇರ್ತೇನಿ" ಎಂಬುದು ಅವಳ ತೀರ್ಪು.

ವ್ಯಾಯಾಮ ಶುರುವಾಯಿತು. ಕೂತಳೆಂದರೆ ಧಡ್! ಎದ್ದಳೆಂದರೆ "ಶಿವಾ!" ಮತ್ತೆ ಧಡ್! ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದವರು ಬ್ಯಾಂಕಿನ ಸಂಭಾವಿತರು, ಗಾಬರಿಯಿಂದ ಮೆಟ್ಟಿಲೇರಿ ಬಂದರು.

"ಅಮ್ಮಾರ, ಏನರ ಬಿತ್ತೇನ್ರಿ?"

"ಹೌದ್ರಿ, ನಾ ಬಿದ್ದೆ. ಇನ್ನೂ ಭಾಳ ಸಲ ಬೀಳೂದೈತಿ. ನೀವು ಹೆದರಬ್ಯಾಡ್ರಿ, ಹೋಗಿ ಚಾ ಕುಡೀರಿ."

ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ನಾನು ರಾಯಾಪುರದ ಗಂಡನ ಮನೆಯಿಂದ ತವರಿಗೆ ಬಂದಾಗ ಅತ್ತೆ ಊಟದ ಕುರ್ಚಿಯಿಂದ ಗಿಡ್ಡ ಕುರ್ಚಿಗೆ ಇಳಿದಿದ್ದಳು. ಅಲ್ಲಿಂದ ನಮ್ಮಿಬ್ಬರದೂ ಪಂದ್ಯ. ದಿನದಿನಕ್ಕೆ ನನ್ನ ಹೊಟ್ಟೆ ಏರುತ್ತಿತ್ತು, ಅವಳ ಆಸನ ಇಳಿಯುತ್ತಿತ್ತು. ನಾನೂ ಏಳುವಾಗ "ಶಿವಾ" ಎನ್ನುತ್ತಿದ್ದೆ, ಅವಳೂ ಎನ್ನುತ್ತಿದ್ದಳು. ದೇವರಿಗೆ ಯಾರಿಗೆ ಓಗೊಡಬೇಕೆಂದು ತಿಳಿಯದೆ ಹೋಗಿರಬೇಕು!

ಒಂದು ಮಧ್ಯಾಹ್ನ ಅವಳು ಅಡುಗೆಮನೆಯಿಂದ ತಂದ ಕುಂಬಳಕಾಯಿಯನ್ನು ಮಂಚದ ಮೇಲೆ ಕೂತು, ನೀಡಿದ ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಎಣ್ಣೆ ತಿಕ್ಕುತ್ತಿದ್ದಳು. ಬೆನ್ನು ತಟ್ಟಿದಳು. ಮೂಗು ಇರಬೇಕಾದ ಜಾಗದಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ತಿದ್ದಿದಳು.

"ಇದೇನ ಅತ್ತಿ?"

"ಕೈಗೆ ನೆನಪೈತಿಲ್ಲೋ ನೋಡಾಕತ್ತೇನಿ."

ಮರುದಿನ ಅಮ್ಮ ಅದನ್ನು ಪಲ್ಯಕ್ಕೆಂದು ಈಳಿಗೆಮಣೆಯ ಹತ್ತಿರ ಒಯ್ದರೆ ಅತ್ತೆ ಕೂಗಿದಳು, "ಏ, ಅದನ್ನ ಹೆಚ್ಚಬ್ಯಾಡ!" ಆ ಕುಂಬಳಕಾಯಿ ಬಾಡುವ ತನಕ ನಮ್ಮ ಮನೆಯಲ್ಲಿ ಕೂಸಿನ ಹಾಗೆ ಇತ್ತು.

ಇಷ್ಟಾದರೂ ಅತ್ತೆಯ ಸ್ವಭಾವ ಮೆಲ್ಲಗೆ ಇಳಿಯುವುದಲ್ಲ. ಸ್ಟೂಲಿನ ಮಟ್ಟಕ್ಕೆ ಬಂದ ಕೂಡಲೇ ಧೈರ್ಯ ಹೆಚ್ಚಿ, ಒಂದು ದಿನ ಯಾರೂ ಇಲ್ಲದಾಗ ನೇರ ಅಡುಗೆಮನೆಯ ನೆಲಕ್ಕೇ ಇಳಿದುಬಿಟ್ಟಳು. ಇಳಿದಳು ಸರಿ. ಏಳಬೇಕಲ್ಲ? ನಾನೂ ಅಮ್ಮನೂ ಬಂದು ನೋಡಿದರೆ ಮಹಾರಾಣಿ ಗೋಡೆಗೆ ಆತು ಕೂತು ಮೆಂತೆಸೊಪ್ಪು ಸೋಸುತ್ತಿದ್ದಾಳೆ!

"ಏಳಾಕ ಬರವಲ್ದೇನ್ರಿ ಅಕ್ಕಾರ?"

"ಬರವಲ್ದು ಅಂತ ಯಾರಂದ್ರು? ಕೆಲಸ ಮಾಡಾಕತ್ತೇನಿ, ಕಾಣಸೂದಿಲ್ಲೇನು?"

ಮೆಂತೆ ಮುಗಿಯಿತು. "ಬಳ್ಳೊಳ್ಳಿ ಕೊಡು" ಎಂದಳು. ಬೆಳ್ಳುಳ್ಳಿಯೂ ಮುಗಿಯಿತು. "ಶೇಂಗಾ ಒಡೀತೇನಿ, ಕೊಡು." ಅಂದು ನಮ್ಮ ಮನೆಯಲ್ಲಿ ಸೋಸುವುದು, ಸುಲಿಯುವುದು, ಒಡೆಯುವುದು ಏನೂ ಉಳಿಯಲಿಲ್ಲ. ಕೊಡಲು ಬೇರೇನೂ ಇಲ್ಲದಾದಾಗ ಅತ್ತೆ ಸುಮ್ಮನೆ ಸೊಪ್ಪಿನ ಕಡ್ಡಿಗಳನ್ನು ನೋಡುತ್ತ ಕೂತಳು. ಅಮ್ಮನೂ ಕೆಳಗಿನ ಮನೆಯವರೂ ಎರಡೂ ತೋಳು ಹಿಡಿದು ಎಬ್ಬಿಸಿದರು.

ಆ ಸಂಜೆ ಅವಳು ರೊಟ್ಟಿ ಮುಟ್ಟಲಿಲ್ಲ. ಅಮ್ಮನನ್ನು ಕರೆದು, "ಆ ಗಬ್ಬೂರನಾಕಿ ಚಾಕ್ಕ ಸಕ್ರಿ ಎಷ್ಟ ಹಾಕೋತಾಳ, ಕೇಳಿ ಇಡು" ಎಂದಳು. ನಾನು ನಗಲಿಲ್ಲ. ಅತ್ತೆ ಸೋತದ್ದನ್ನು ನೋಡುವುದು ನನ್ನಿಂದ ಆಗಲಿಲ್ಲ, ಹೊಟ್ಟೆಯೊಳಗಿನ ಕೂಸೂ ಒಮ್ಮೆ ಜೋರಾಗಿ ಒದ್ದಿತು. ಬೆಳಗಾಗುತ್ತಲೇ ಪಕ್ಕದ ಕೋಣೆಯಿಂದ ಸದ್ದು ಬಂತು. ಧಡ್! "ಶಿವಾ!" ಧಡ್! ನಾನು ಹಾಸಿಗೆಯಲ್ಲೇ ಮಲಗಿ ಅದನ್ನು ಕೇಳುತ್ತ ಮುಗುಳ್ನಕ್ಕೆ.

ಕೂಸು ಮಾತ್ರ ಅವಸರದ್ದು, ಥೇಟ್ ಅತ್ತೆಯದೇ ಬುದ್ಧಿ. ಅವಳು ಇನ್ನೂ ಬಚ್ಚಲ ಸ್ಟೂಲಿನ ಎತ್ತರದಲ್ಲಿ ಇರುವಾಗಲೇ ಹುಟ್ಟಿಬಿಟ್ಟಿತು. ಹೆಣ್ಣು ಕೂಸು. ಮನೆಗೆ ಬಂದೆವು. ಹೊಕ್ಕಳಬಳ್ಳಿ ಬಿದ್ದ ಮೇಲೆ ಎರೆಯುವುದಿತ್ತು. ಅಮ್ಮ ಅತ್ತೆಯ ಮುಖ ನೋಡದೆಯೇ ಹೇಳಿದಳು, "ನಾಳಿಂದ ಗಬ್ಬೂರನಾಕಿ ಬರ್ತಾಳ." ಅತ್ತೆ ಎದ್ದು ಹೋಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆ ಎದ್ದು ನೋಡಿದರೆ ಬಚ್ಚಲ ಬಾಗಿಲು ತೆರೆದಿತ್ತು. ಬಕೆಟ್ಟಿನಲ್ಲಿ ನೀರು ಹಬೆಯಾಡುತ್ತಿತ್ತು. ಅತ್ತೆ ಮಣೆಯ ಮೇಲೆ ಕೂತು ಕಾಲು ನೀಡಿದ್ದಳು, ಸೀರೆಯನ್ನೂ ಟ್ರ್ಯಾಕ್ ಪ್ಯಾಂಟನ್ನೂ ಮೊಣಕಾಲ ತನಕ ಏರಿಸಿದ್ದಳು.

"ಹ್ಯಾಂಗ ಇಳದ್ರಿ ಅಕ್ಕಾರ?" ಅಮ್ಮ ಬಾಯಿ ತೆರೆದು ನಿಂತಳು.

"ಇಳದೆ. ಕೂಸಿನ್ನ ತಾ. ಆಕಿ ಬಂದ್ರ ನೀನ ಚಾ ಮಾಡಿ ಕೊಡು, ನನಗ ಕೆಲಸೈತಿ."

ಕಾಲ ಮೇಲೆ ಇಟ್ಟ ಕೂಡಲೇ ಕೂಸು ಮನೆ ಹಾರುವ ಹಾಗೆ ಅತ್ತಿತು. ನೀರು ಬಿದ್ದಂತೆ ದನಿ ತಗ್ಗಿತು. ಮೂಗು ತಿದ್ದುವ ಹೊತ್ತಿಗೆ ಕಣ್ಣು ಮುಚ್ಚಿತು. ಅಮ್ಮ ಅದನ್ನು ಅರಿವೆಯಲ್ಲಿ ಸುತ್ತಿ ಎತ್ತಿಕೊಂಡು ಒಂದು ಕೈ ಚಾಚಿದಳು.

"ಏಳಾಕ ಬರವಲ್ದೇನ್ರಿ? ಕೈ ಕೊಡ್ಲೇನು?"

'ಬರವಲ್ದು ಅಂತ ಯಾರಂದ್ರು?' ಎಂದು ಈಗ ಗುಡುಗುತ್ತಾಳೆ ಅಂತ ಕಾದೆವು. ಅತ್ತೆ ಒದ್ದೆಯಾದ ತನ್ನ ಕಾಲುಗಳನ್ನೇ ನೋಡುತ್ತಿದ್ದಳು.

"ಏಳಾಕ ಬರತೈತಿ. ಮನಸ ಬರವಲ್ದು." ಆಮೇಲೆ ನನ್ನ ಕಡೆ ತಿರುಗಿದಳು. "ನೀ ಬಾರವಾ. ನೀರಿನ್ನೂ ಬಿಸಿ ಐತಿ."

ಅವಳು ಎದ್ದದ್ದು ಖರೇ, ಗೋಡೆಗೆ ಅಂಗೈ ಊರಿ, ಯಾರ ಕೈಯನ್ನೂ ಹಿಡಿಯದೆ. ಗಬ್ಬೂರಿನವಳು ಚಹಾ ಕುಡಿಯುತ್ತ ಅದಕ್ಕೆ ಸಾಕ್ಷಿಯಾಗಿದ್ದಳು. ಆದರೆ ಅದು ಆಮೇಲಿನ ಮಾತು. ಆಗ ನಾನು ಅವಳ ಕಾಲುಗಳ ನಡುವೆ, ಅವಳಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತೆ. ನೆತ್ತಿಗೆ ಎಣ್ಣೆ ಬಿತ್ತು, ಬಿಸಿನೀರು ಬಿತ್ತು.

"ಮೊದಲನೇ ಕೂಸು ನೀನ" ಎಂದಳು ಹಿಂದಿನಿಂದ. "ಅವರು ಹೋದ ಮ್ಯಾಲ ನಾ ಇಲ್ಲಿಗೆ ಬಂದಾಗ ಯಾರಿಗೂ ಬ್ಯಾಡಾಗಿದ್ದೆ. ನಿಮ್ಮವ್ವ ನಿನ್ನ ತಂದು ಈ ಕಾಲ ಮ್ಯಾಲ ಹಾಕಿದ್ಲು. ನನಗ ಎರಿಯಾಕ ಬರ್ತಿರಲಿಲ್ಲ. ನಿನ್ನ ಮ್ಯಾಲ ಕಲತೆ. ಅವತ್ತ ಅನಿಸ್ತು, ಈ ಮನ್ಯಾಗ ನನಗೂ ಒಂದು ಜಾಗ ಐತಿ ಅಂತ."

ತಂಬಿಗೆ ತುಂಬಿದ ಸದ್ದಾಯಿತು. ನೀರು ಮಾತ್ರ ತಡವಾಗಿ ಬಿತ್ತು. ಹಿಂದೆ ಕೂತವಳು ಏನು ಮಾಡುತ್ತಿದ್ದಳೋ ನಾನು ತಿರುಗಿ ನೋಡಲಿಲ್ಲ, ನೋಡಿದರೆ ಅವಳು ಒಪ್ಪುತ್ತಲೂ ಇರಲಿಲ್ಲ. ಅತ್ತೆ ಅತ್ತಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನಂತೂ ಅತ್ತೆ.