ಒಬ್ಬಟ್ಟಿನ ಸಾರು ಚೆಲ್ಲದ ಸ್ಪ್ರಿಂಗು

ಕೆಲವರಿಗೆ ನಗೆಪಾಟಲಾಗೋದು ಜಾತಕದಲ್ಲೇ ಬರೆದಿರುತ್ತೆ. ನನಗೆ ಕಾರಿನ ಆರ್‌ಸಿ ಬುಕ್ಕಲ್ಲಿ ಬರೆದಿದೆ.

ಮರಳೂರಿನ ನಮ್ಮ ಮನೆ ಮುಂದೆ ನಿಂತಿರೋದು ಎರಡೇ ಸೀಟಿನ ಹಳೇ ಕೆಂಪು ಸ್ಪೋರ್ಟ್ಸ್ ಕಾರು. ಕಂಪನಿಯವರು ಅದನ್ನ ಮಾಡೋದು ಬಿಟ್ಟು ಎಷ್ಟೋ ಕಾಲ ಆಯ್ತು, ನಾನು ಮಾತ್ರ ಬಿಟ್ಟಿಲ್ಲ. ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಬೀಡಿ, ಸಿಗರೇಟು, ಇಸ್ಪೀಟು ಯಾವುದೂ ಇಲ್ಲ, ಇದೊಂದೇ ಚಟ.

ಹೋದ ವರ್ಷ ಅದು ಪ್ರತಿ ಗುಂಡಿಗೂ ದಢಾರ್ ಅನ್ನೋಕೆ ಶುರು ಮಾಡ್ತು. ನಮ್ಮನೆಯವಳು ಸೊಂಟ ಹಿಡ್ಕೊಂಡು ಖಡಾಖಂಡಿತ ಹೇಳಿಬಿಟ್ಟಳು: "ಗೌರಿ ಹಬ್ಬಕ್ಕೆ ಇದ್ರಲ್ಲೇ ಅಮೃತೂರಿಗೆ ಹೋಗೋಣ. ಅಮ್ಮನಿಗೆ ಒಬ್ಬಟ್ಟಿನ ಸಾರು ತಗೊಂಡು ಹೋಗ್ತೀನಿ. ಅದು ಚೆಲ್ಲಿದ್ರೆ ಕಾರು ಮಾರ್ಬೇಕು ಅಷ್ಟೇ. ನನ್ನ ತಮ್ಮ ಆಗ್ಲೇ ಗಿರಾಕಿ ನೋಡಿ ಇಟ್ಟಿದಾನೆ."

ಹಬ್ಬಕ್ಕೆ ಒಂದೇ ತಿಂಗಳಿತ್ತು.

ಸ್ಯಾಂಪಲ್ ತಂದಿದ್ದೀರಾ?

ನಮ್ಮೂರಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬರಿಗೈಲಿ ಹೋಗೋ ಹಾಗಿಲ್ಲ. ಗಾಡಿ ಹೆಸರು, ಮಾಡೆಲ್ಲು, ಇಸವಿ ಎಲ್ಲ ಒಪ್ಪಿಸಿದ ಮೇಲೂ ಅಂಗಡಿಯವನು ಕೇಳೋದು ಒಂದೇ ಮಾತು: "ಸ್ಯಾಂಪಲ್ ತಂದಿದ್ದೀರಾ?" ಸರಿ ಅಂತ ಹಳೇ ಶಾಕ್ ಅಬ್ಸಾರ್ಬರ್ ಒಂದನ್ನ ಬಿಚ್ಚಿಸಿ, ಪೇಪರಲ್ಲಿ ಸುತ್ಕೊಂಡು, ಸಿಟಿ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಹೋದೆ. ಪ್ಯಾಂಟೆಲ್ಲ ಎಣ್ಣೆ ಆಯ್ತು.

ಅಂಗಡಿಯವನು ಅದನ್ನ ಕೌಂಟರ್ ಮೇಲೆ ನಿಲ್ಲಿಸಿ ಅದುಮಿದ. ಸಲೀಸಾಗಿ ಒಳಕ್ಕೆ ಹೋಯ್ತು. ಎಳೆದ, ಹಾಗೇ ಹೊರಕ್ಕೆ ಬಂತು. ಸೈಕಲ್ ಪಂಪೂ ಇದಕ್ಕಿಂತ ಬಿಗಿ ಇರುತ್ತೆ.

"ಸಾರ್, ಇದು ಸತ್ತು ವರ್ಷಗಳೇ ಆಗಿದೆ. ಇಷ್ಟು ದಿನ ಗುದ್ದೆಲ್ಲ ತಡ್ಕೊಳ್ತಿದ್ದೋರು ಯಾರು?"

"ನಮ್ಮನೆಯವ್ರು," ಅಂದೆ.

ಅವನು ಅದನ್ನ ವಾಪಸ್ ಪೇಪರಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. "ಈ ಮಾಡೆಲ್ ಈಗ ಬರಲ್ಲ ಸಾರ್. ಅವ್ರನ್ನೇ ಜೋಪಾನವಾಗಿ ನೋಡ್ಕೊಳ್ಳಿ."

ನಾನೇ ಹಾಕಿಸಿದ ಹಂಪು

ಉಪ್ಪಾರಹಳ್ಳಿಯಲ್ಲಿ ಕಾರುಗಳಿಗೆ ಶೋಕಿ ಸಾಮಾನು ಹಾಕೋನೊಬ್ಬ ಸಿಕ್ಕಿದ. "ಕುಳ್ಳ ಸ್ಪ್ರಿಂಗು ಹಾಕೋಣ ಸಾರ್. ಗಾಡಿ ನೆಲಕ್ಕೆ ಅಂಟ್ಕೊಂಡು ಓಡುತ್ತೆ. ಇಷ್ಟ ಆಗ್ಲಿಲ್ಲ ಅಂದ್ರೆ ಬಿಚ್ಚಿ ಕೊಡಿ."

ಹಾಕಿಸಿದೆ. ನಿಜವಾಗ್ಲೂ ಬಲು ಚೆಂದ ಕಾಣ್ತಿತ್ತು. ಸ್ಟೀರಿಂಗ್ ಮೇಲೆ ಒಂದೇ ಕೈ ಇಟ್ಕೊಂಡು ನಮ್ಮ ಬೀದಿಗೆ ತಿರುಗಿಸಿದೆ. ಬೀದಿ ಮಧ್ಯದ ಹಂಪನ್ನ ಮುಂದಿನ ಚಕ್ರಗಳು ದಾಟಿದ್ವು. ಹೊಟ್ಟೆ ಮಾತ್ರ ಹಂಪಿನ ಮೇಲೇ ಕೂತುಬಿಡ್ತು. ಎಷ್ಟು ಆಕ್ಸಿಲರೇಟರ್ ಒತ್ತಿದ್ರೂ ಗೊರ್ರ್ ಅನ್ನುತ್ತೆ, ಹಿಂದಿನ ಚಕ್ರ ಸುಮ್ಮನೆ ತಿರುಗುತ್ತೆ.

ಆ ಹಂಪು ಯಾರು ಹಾಕಿಸಿದ್ದು ಅಂತೀರಿ? ನಾನೇ! ಗಾಡಿಗಳೆಲ್ಲ ಜೋರಾಗಿ ನುಗ್ತಾವೆ ಅಂತ ಮನೆಮನೆಗೂ ಹೋಗಿ ಸಹಿ ಹಾಕಿಸ್ಕೊಂಡು ಅರ್ಜಿ ಕೊಟ್ಟಿದ್ದೆ. ಮೊದಲು ಸಹಿ ಹಾಕಿದ್ದ ಎದುರು ಮನೆಯ ರಿಟೈರ್ಡ್ ಕಂಡಕ್ಟರು ಕಾಫಿ ಲೋಟ ಹಿಡ್ಕೊಂಡೇ ಆಚೆ ಬಂದರು.

"ಮೇಷ್ಟ್ರೇ, ಹಂಪು ಚೆನ್ನಾಗಿ ಕೆಲ್ಸ ಮಾಡ್ತಾ ಇದೆ ಕಣ್ರೀ. ಇಷ್ಟು ದಿನ ಎಲ್ಲ ನಿಧಾನ ಆಗ್ತಿದ್ರು, ಪೂರ್ತಿ ನಿಂತೋರು ನೀವೇ ಮೊದಲು."

ಗುಬ್ಬಿಯ ಯಜಮಾನ್ರು

ಕುಳ್ಳ ಸ್ಪ್ರಿಂಗು ಬಿಚ್ಚಿಸಿ ವಾಪಸ್ ಕೊಟ್ಟೆ. ಹಬ್ಬಕ್ಕೆ ಇನ್ನು ವಾರ ಇತ್ತು. ಯಾರೋ ಗುಬ್ಬಿಯ ಹಳೇ ಮೆಕ್ಯಾನಿಕ್ ಒಬ್ಬರ ಹೆಸರು ಹೇಳಿದರು. ಹೋದೆ. ಯಜಮಾನ್ರು ಬೇರೆ ಗಾಡಿಯ ಹೊಸ ಶಾಕ್ ಅಬ್ಸಾರ್ಬರ್ ತಂದು, ಅಳತೆಗೆ ಕೂರೋ ಹಾಗೆ ಲೇತಲ್ಲಿ ಬುಷ್ ಮಾಡಿಸಿ, ಲಕ್ಷಣವಾಗಿ ಕೂರಿಸಿದರು. ಸ್ಪ್ರಿಂಗ್ ಆರಿಸೋವಾಗ ಮಾತ್ರ ವಿಚಾರಣೆ ಶುರುವಾಯ್ತು.

"ಇದ್ರಲ್ಲಿ ಎಲ್ಲಿಗೆ ಹೋಯ್ತೀರಾ ಮೇಷ್ಟ್ರೇ?"

"ಹಬ್ಬಕ್ಕೆ ಹೆಂಡ್ತಿ ತವರಿಗೆ. ಅಮೃತೂರು."

"ತೋಟ ಐತಾ ಅವ್ರಿಗೆ?"

"ತೆಂಗಿನ ತೋಟ ಇದೆ. ಯಾಕೆ?"

"ಸುಮ್ಕೆ ಕೇಳ್ದೆ ಬುಡಿ," ಅಂದವರೇ ಕೈಲಿದ್ದ ಸಣ್ಣ ಸ್ಪ್ರಿಂಗು ಪಕ್ಕಕ್ಕಿಟ್ಟು ದಪ್ಪನೇದೊಂದು ಎತ್ಕೊಂಡರು.

ನಾನು ಹೌಹಾರಿದೆ. "ಯಜಮಾನ್ರೇ, ಅದು ಲಗೇಜ್ ಗಾಡೀದು! ಇಷ್ಟು ವರ್ಷದಿಂದ ಸ್ಪ್ರಿಂಗಿನ ಪಾಠ ಮಾಡ್ತಿದೀನಿ, ನನಗೆ ಗೊತ್ತಾಗಲ್ವಾ?"

"ಪಾಠದ ಸ್ಪ್ರಿಂಗು ಹೆಂಡ್ತಿ ತವರಿಗೆ ಹೋಗಿರಲ್ಲ ಮೇಷ್ಟ್ರೇ," ಅಂದು ಯಜಮಾನ್ರು ಸ್ಪ್ಯಾನರ್ ಎತ್ಕೊಂಡರು.

ಕುಣಿಗಲ್ ಮುಟ್ಟೋ ಅಷ್ಟರಲ್ಲಿ

ಹಬ್ಬದ ದಿನ ಬೆಳಿಗ್ಗೆ ಹೊರಟ್ವಿ. ಹೊಸ ರೇಷ್ಮೆ ಸೀರೆ, ತೊಡೆ ಮೇಲೆ ಸ್ಟೀಲ್ ಡಬ್ಬಿ, ಡಬ್ಬಿ ತುಂಬ ಒಬ್ಬಟ್ಟಿನ ಸಾರು. ಅಯ್ಯೋ, ಕಾರು ಕುಣಿದಿದ್ದು ಕುಣಿದಿದ್ದೇ! ಹಂಪಲ್ಲಿ ಹಾರಿದ್ದಿರಲಿ, ನೆಟ್ಟಗಿರೋ ರೋಡಲ್ಲೂ ನನ್ನ ಕನ್ನಡಕ ಮೂಗಿನ ಮೇಲೆ ನಿಲ್ಲಲಿಲ್ಲ.

ಕುಣಿಗಲ್ ಹತ್ರ ನಮ್ಮನೆಯವಳು ಫೋನ್ ತೆಗೆದು ತಮ್ಮನಿಗೆ ಹಚ್ಚಿದಳು. "ಲೋ, ಆ ಗಿರಾಕಿ ಇನ್ನೂ ಇದಾನೇನೋ? ನಾಳೆ ಬೆಳಿಗ್ಗೆನೇ ನಮ್ಮನೆಗೆ ಕಳ್ಸು."

ನನಗೆ ಅಳುನೇ ಬಂತು. ಕೊನೇ ಆಸೆಯಿಂದ ಕೇಳಿದೆ: "ಡಬ್ಬೀಲಿ ಏನಾದ್ರೂ ಉಳಿದಿದ್ಯೇನೇ?"

"ಒಗ್ಗರಣೆ ಉಳಿದಿದೆ ರೀ."

ಮಡ್ಲಕ್ಕಿ

ಸಂಜೆ ಹೊರಡೋವಾಗ ಅತ್ತೆ ಮಗಳಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಇಟ್ಟು ಮಡಿಲು ತುಂಬಿದರು. ಮಾವನಿಗೆ ಅಷ್ಟು ಸಾಲ್ಲಿಲ್ಲ. ಸೀಟಿನ ಹಿಂದಕ್ಕೆ ಅಕ್ಕಿ ಮೂಟೆ ತುರುಕಿದರು. ಡಿಕ್ಕಿಗೆ ಸಿಪ್ಪೆ ಸಮೇತ ಕಾಯಿ ಹಾಕಿದರು, ಸಂದೀಲಿ ಎರಡು ಕುಂಬಳಕಾಯಿ ಬೇರೆ.

"ಮಾವ, ಇದು ಸ್ಪೋರ್ಟ್ಸ್ ಕಾರು!" ಅಂತ ಬಾಯಿ ಬಡ್ಕೊಂಡೆ.

"ಏನಾರ ಆಗ್ಲಿ ಅಳಿಯಂದ್ರೇ, ಡಿಕ್ಕಿ ಐತಲ್ಲ."

ಹೇಗೂ ನಾಳೆ ಮಾರೋ ಗಾಡಿ ಅಂತ ಸ್ಟಾರ್ಟ್ ಮಾಡಿದೆ. ಊರಾಚೆ ಮೊದಲ ಹಂಪು ಬಂತು. ಹಲ್ಲು ಕಚ್ಚಿದೆ. ಕಾರು ಮೆತ್ತಗೆ ಹತ್ತಿ ಮೆತ್ತಗೆ ಇಳೀತು. ಆಮೇಲೊಂದು ಗುಂಡಿ, ಸದ್ದೇ ಇಲ್ಲ. ಕುಣಿಗಲ್ ದಾಟಿ ಪಕ್ಕಕ್ಕೆ ನೋಡಿದ್ರೆ ನಮ್ಮನೆಯವಳು ಮಡ್ಲಕ್ಕಿ ತಬ್ಕೊಂಡು ಗೊರಕೆ ಹೊಡೀತಿದ್ದಾಳೆ. ಯಜಮಾನ್ರು ತೋಟ ಐತಾ ಅಂತ ಕೇಳಿದ್ದು ಆಗ ಅರ್ಥ ಆಯ್ತು. ಅವರು ಸ್ಪ್ರಿಂಗು ಆರಿಸಿದ್ದು ಹೋಗೋದಕ್ಕಲ್ಲ, ಬರೋದಕ್ಕೆ.

ಬೆಳಿಗ್ಗೆ ಬಂದ ಗಿರಾಕೀನ ಅವಳೇ ಗೇಟಲ್ಲಿ ನಿಲ್ಲಿಸಿದಳು. "ಮಾರಲ್ಲ ಹೋಗಪ್ಪ." ಆಮೇಲೆ ನನ್ನ ಕಡೆ ತಿರುಗಿ, "ಕಾರಲ್ಲಿ ದೋಷ ಏನೂ ಇಲ್ಲ ರೀ. ನೀವು ಖಾಲಿ ಓಡಿಸ್ತಿದ್ರಿ, ಅದೇ ತಪ್ಪು," ಅಂದಳು. ನನಗೆ ಅಲ್ಲೇ ಕುಣಿಯೋ ಹಾಗಾಯ್ತು.

ಅವತ್ತಿಂದ ಅಕ್ಕಿ ಮೂಟೆನೂ ಇಳಿದಿಲ್ಲ, ಕಾಯಿನೂ ಇಳಿದಿಲ್ಲ. ಹೋದ ಭಾನುವಾರ ದೋಸೆಗೆ ಚಟ್ನಿ ಮಾಡೋಕೆ ಮನೇಲಿ ಕಾಯಿ ಮುಗಿದಿತ್ತು. ಹೋಗಿ ಡಿಕ್ಕಿ ತೆಗೆದು ಒಂದು ಎತ್ಕೊಂಡೆ. ಅಡುಗೆಮನೆ ಕಿಟಕಿಯಿಂದ ಕೂಗು ಬಂತು:

"ರೀ, ಅದನ್ನ ಅಲ್ಲೇ ಇಡ್ರೀ! ಅದು ಕಾರಿನ ಪಾರ್ಟು. ಚಟ್ನಿಗೆ ಬೇಕಾದ್ರೆ ಅಂಗಡಿಯಿಂದ ತನ್ನಿ!"