ಜೋಳದ ಕೋಣೆಯ ರೂಟರುಗಳು

ಜನವರಿ ಹನ್ನೊಂದು, ಭಾನುವಾರ. ಬೆಳಿಗ್ಗೆ ಥಂಡಿ, ಹತ್ತರ ನಂತರ ಚುರುಗುಟ್ಟುವ ಬಿಸಿಲು. ನಾನು ಮಾತು ಕಡಿಮೆಯವನು. ಆದರೂ ಬಾಯಿ ಬಿಡಿಸುವ ಪ್ರಸಂಗಗಳು ಸಿಂದಗಿಯ ನಮ್ಮ ಮನೆಯನ್ನೇ ಹುಡುಕಿಕೊಂಡು ಬರುತ್ತವೆ.

ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. "ಶಿವರಾತ್ರಿ ಒಳಗ ನೆಟ್‌ವರ್ಕ್ ಸರ್ಟಿಫಿಕೇಟ್ ತರ್ರಿ, ಇಲ್ಲಂದ್ರ ನಿಮ್ಮ ಜಾಗಕ್ಕ ಬ್ಯಾರೆಯವರನ್ನ ನೋಡ್ತೇವಿ" ಎಂದು ಪ್ರಾಂಶುಪಾಲರು ಹೇಳಿದ್ದರು. ಶನಿವಾರ ಆ ಪರೀಕ್ಷೆ ಪಾಸಾಗಿ, ಕೆಲಸ ಉಳಿದಿತ್ತು. ಸುದ್ದಿ ಕೇಳಿ ತಂಗಡಗಿಯಿಂದ ಹೆಂಡತಿಯ ಅಣ್ಣ ಬಂದರು. ಜೋಳದ ಚೀಲಗಳ ನಡುವೆ ಕಬ್ಬಿಣದ ಸ್ಟ್ಯಾಂಡಿನಲ್ಲಿ ಮಿಣುಕುತ್ತಿದ್ದ ಎರಡು ರೂಟರು, ಮೂರು ನೆಟ್‌ವರ್ಕ್ ಸ್ವಿಚ್ಚುಗಳನ್ನು ನೋಡಿ, "ಅಳಿಯಾರ, ಇದಕ್ಕೆಲ್ಲಾ ಏನ್ ಕೊಟ್ರಿ?" ಎಂದರು.

"ನಿಮ್ಮ ತಂಗಿಗೇ ಗೊತ್ತು" ಎಂದೆ. ಅವರು ನಂಬಲಿಲ್ಲ. ಮೊದಲಿನಿಂದ ಹೇಳಬೇಕಾಯಿತು.

ತಕ್ಕಡಿ

ಈ ಪರೀಕ್ಷೆಗೆ ಓದಿದರೆ ಸಾಲದು. ಯಂತ್ರಗಳನ್ನು ಜೋಡಿಸಿ, ಕೆಡಿಸಿ, ಮತ್ತೆ ಜೋಡಿಸಿ ಕೈ ಪಳಗಬೇಕು. ಇಂಡಿ ಊರಿನ ಗುಜರಿ ಅಂಗಡಿಯಲ್ಲಿ ಹಳೆಯವು ಸಿಕ್ಕವು. ಅಂಗಡಿಯವನು ಹೇಳಿದ ಬೆಲೆ ಕೇಳಿ, ಅಲ್ಲೇ ಇಟ್ಟು ಬಸ್ಸು ಹತ್ತಿದೆ. ಮನೆಯಲ್ಲಿ ಬೆಲೆ ಹೇಳಿದೆ, ಅಷ್ಟೇ. ಮುಂದಿನ ವಾರ ಅವನ ಟೆಂಪೋ ಸಿಂದಗಿಗೆ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಸಂಜೆ ಬಂದು ನೋಡಿದರೆ ಐದೂ ಯಂತ್ರಗಳು ಪಡಸಾಲೆಯಲ್ಲಿ!

"ಇದು ಹೆಂಗ?" ಎಂದೆ.

"ಮಾತಾಡಿ ತಗೊಂಡೆ. ನೀವು ಓದ್ರಿ" ಎಂದಳು ಹೆಂಡತಿ.

ರೂಟರು ಪಾಸ್‌ವರ್ಡ್ ಕೇಳಿತು. ಗುಜರಿಯವನಿಗೆ ಫೋನ್ ಹಚ್ಚಿದೆ.

"ತೂಕಕ್ಕ ತೂಕ ಹಾಕಿ ಕೊಟ್ಟೇನ್ರಿ ಸರ. ತಕ್ಕಡ್ಯಾಗ ಪಾಸ್‌ವರ್ಡ್ ಏನೂ ಕಾಣಲಿಲ್ಲ" ಎಂದ.

ಗಿರಣಿ

ಸ್ವಿಚ್ಚುಗಳ ಒಳಗಿನ ಫ್ಯಾನಿನ ಸದ್ದು ಓಣಿಯ ತುದಿಯವರೆಗೆ ಕೇಳುತ್ತಿತ್ತು. ಮೂರನೆಯ ದಿನ ಎದುರುಮನೆಯ ಅಜ್ಜಿ ತಲೆಯ ಮೇಲೆ ಜೋಳದ ಡಬ್ಬಿ ಹೊತ್ತು ಬಂದಳು.

"ಮನ್ಯಾಗ ಗಿರಣಿ ಹಾಕೀದಿ, ಒಂದ್ ಮಾತು ಹೇಳಬಾರದೇನೋ ತಮ್ಮಾ?"

"ಗಿರಣಿ ಅಲ್ಲಬೇ, ಕಂಪ್ಯೂಟರಿಂದು."

ಒಳಗೆ ಬಂದು ಸ್ವಿಚ್ಚಿನ ಹಿಂದೆ ಕೈ ಹಿಡಿದಳು. ಬಿಸಿಗಾಳಿ. ಕೆಳಗೆ ಬಗ್ಗಿ ನೋಡಿದಳು.

"ಹಿಟ್ಟು ಎಲ್ಲಿ ಬೀಳ್ತೈತಿ?"

"ಹಿಟ್ಟು ಬೀಳಂಗಿಲ್ಲಬೇ. ಪರೀಕ್ಷಾಕ್ಕ ಓದಾಕತ್ತೇನಿ."

"ಓದಾಕ ಇಷ್ಟು ಸಪ್ಪಳ ಯಾಕ?"

ಪಠ್ಯದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಡಬ್ಬಿಯನ್ನು ನಾನೇ ಹೊತ್ತು ನಿಜವಾದ ಗಿರಣಿಗೆ ಹೋದೆ.

ಮೊಸರು

ಒಂದು ಯಂತ್ರ ಕೆಟ್ಟರೆ ಉಳಿದವು ಬೇರೆ ದಾರಿ ಹಿಡಿದು ಕೆಲಸ ನಡೆಸಬೇಕು. ಪರೀಕ್ಷೆಗೆ ಅದು ಬಹಳ ಮುಖ್ಯ. ಒಂದು ದಿನ ಬೆಳಿಗ್ಗೆ ಎಲ್ಲ ಜೋಡಿಸಿ, ಉಸಿರು ಹಿಡಿದು, ಮೇಲಿನ ಸ್ವಿಚ್ಚಿನ ಕರೆಂಟಿನ ವಯರ್ ಕಿತ್ತೆ. ಉಳಿದವು ಕ್ಷಣದಲ್ಲಿ ಸಾವರಿಸಿಕೊಂಡವು. ಜೀವನದಲ್ಲಿ ಮೊದಲ ಸಲ ಒಬ್ಬನೇ ಚಪ್ಪಾಳೆ ತಟ್ಟಿದೆ.

ಮಧ್ಯಾಹ್ನ ಹೆಂಡತಿ ಬಂದು ಅದೇ ಸ್ವಿಚ್ಚಿನ ಮೇಲಿದ್ದ ಟವೆಲ್ಲಿನ ಗಂಟು ಬಿಚ್ಚಿದಳು. ಒಳಗೆ ಹಾಲಿನ ಪಾತ್ರೆ!

"ಥಂಡ್ಯಾಗ ಹೆಪ್ಪಾಗವಲ್ದಂತ ದಿನಾ ಇಲ್ಲೇ ಇಡ್ತೇನಿ. ಇವತ್ತು ಯಾಕ ಆರೇತಿ?"

ನೆಟ್‌ವರ್ಕಿಗೆ ಬೇರೆ ದಾರಿ ಇತ್ತು, ಮೊಸರಿಗೆ ಇರಲಿಲ್ಲ. ಅಂದು ಹಾಲು-ಅನ್ನ ಉಂಡೆ.

ಜಳಕ

ಇಷ್ಟು ಕೇಳಿಯೂ ಭಾವ, "ಖರೇ ಹೇಳ್ರಿ, ಏನ್ ಕೊಟ್ರಿ?" ಎನ್ನುತ್ತಲೇ ಜಳಕಕ್ಕೆ ಹೋದರು. ಹೋದವರು ಟವೆಲ್ಲು ಸುತ್ತಿಕೊಂಡು ಹಾಗೇ ಹೊರಗೆ ಬಂದರು.

"ತಂಗೀ, ಹಂಡೆ ಎಲ್ಲೈತಿ?"

ಅವಳ ಮದುವೆಯಲ್ಲಿ ಅವರೇ ಕೊಟ್ಟಿದ್ದ ತಾಮ್ರದ ಹಂಡೆ. ನಾನೂ ಎದ್ದು ಹೋಗಿ ನೋಡಿದೆ. ಬಚ್ಚಲ ಒಲೆಯ ಮೇಲೆ ಅಲ್ಯೂಮಿನಿಯಂ ಬೋಗುಣಿ ಕೂತಿತ್ತು.

"ಇದು ಯಾವಾಗಿಂದ?" ಎಂದೆ.

"ದಸರಾದಿಂದ. ದಿನಾ ಇದರಾಗಿನ ನೀರೇ ಹಾಕ್ಕೊಂಡೀರಿ" ಎಂದಳು. "ಆ ಯಂತ್ರದಾಗ ಒಂದು ದೀಪ ಆರಿದ್ರ ಓಡ್ತೀರಿ. ಹಂಡೆ ಹೋದದ್ದು ಗೊತ್ತಾಗಲಿಲ್ಲ."

ಗುಜರಿಯವನ 'ತೂಕಕ್ಕ ತೂಕ' ಈಗ ಅರ್ಥವಾಯಿತು.

ಭಾವ ಜೋಳದ ಕೋಣೆಯ ಬಾಗಿಲಲ್ಲಿ ನಿಂತು ಸ್ಟ್ಯಾಂಡಿನತ್ತ ಕೈ ತೋರಿದರು.

"ನನ್ನ ಹಂಡೆ ಕೊಟ್ಟು ಇದನ್ನ ತಗೊಂಡ್ಯಾ? ಇದರಾಗ ನೀರರ ಕಾಯ್ತಾವೇನು?"

"ನೀರು ಕಾಯಂಗಿಲ್ಲಣ್ಣಾ" ಎಂದಳು. "ಮೊಸರು ಚಲೋ ಆಗತೈತಿ."