ಆಷಾಢಕ್ಕೆ ತವರಿಗೆ ಬಂದ ಟೈರುಗಳು

ಮನೆ ಸೋರುವುದನ್ನು ನೀವು ಕೇಳಿದ್ದೀರಿ. ಗೋಡೆ ಬಿರುಕು ಬಿಡುವುದನ್ನೂ ಕೇಳಿದ್ದೀರಿ. ಮನೆ ಪಂಕ್ಚರ್ ಆಗುವುದನ್ನು ಕೇಳಿದ್ದೀರಾ? ಇಲ್ಲವಾದರೆ ನಮ್ಮ ಸೋದರಮಾವನ ಪರಿಚಯ ನಿಮಗಿಲ್ಲ ಎಂದಾಯಿತು. ಅದು ನಿಮ್ಮ ಪುಣ್ಯವೋ ನಷ್ಟವೋ, ಓದಿ ನೀವೇ ತೀರ್ಮಾನಿಸಿ!

ಮಾವ ಇಪ್ಪತ್ತೆಂಟು ವರ್ಷ ರಾಯಕೋಟೆ ಕಡೆಯಿಂದ ಹೊಸೂರಿನ ಕಾರ್ಖಾನೆಯೊಂದಕ್ಕೆ ಕಾರ್ಮಿಕರ ಬಸ್ಸು ಓಡಿಸಿದವನು. ಐಡಿ ಕಾರ್ಡು ಇದ್ದವರಿಗೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಕಾರ್ಡಿಲ್ಲದೆ ಆ ಬಸ್ಸನ್ನು ನಿಲ್ಲಿಸಿದವರು ಯಾರಾದರೂ ಇದ್ದರೆ ಅವು ಸಾನಮಾವು ಕಾಡಿನ ಆನೆಗಳು ಮಾತ್ರ. ಅವಕ್ಕೂ ಕಾರ್ಡು ಕೇಳುವ ಮನಸ್ಸು ಅವನಿಗೆ ಇತ್ತೋ ಏನೋ, ಧೈರ್ಯ ಇರಲಿಲ್ಲ.

ಅವನೂ ಬಸ್ಸೂ ಒಂದೇ ವರ್ಷ ನಿವೃತ್ತರಾದರು. ಕಂಪನಿಯವರು ಬಸ್ಸನ್ನು ಗುಜರಿಗೆ ಹಾಕುತ್ತಾರೆಂದು ಗೊತ್ತಾದದ್ದೇ ತಡ, ಮಾವ ಅದನ್ನು ಕೊಂಡು ತಂದು ತನ್ನ ಟೊಮೇಟೊ ತೋಟದ ಬದಿಯಲ್ಲಿ ನಿಲ್ಲಿಸಿದ. ಸೀಟುಗಳನ್ನೆಲ್ಲ ಕಿತ್ತು ಮಂಚ ಹಾಕಿದ, ಗ್ಯಾಸ್ ಒಲೆ ಕೂರಿಸಿದ, ಮೇಲೆ ನೀರಿನ ಟ್ಯಾಂಕು ಇಟ್ಟ. ಕಿಟಕಿಗೆ ಪರದೆ ಕೂಡ ಬಂತು! ಬಾಗಿಲ ಪಕ್ಕದ ಮೊದಲನೆಯ ಸೀಟೊಂದನ್ನು ಮಾತ್ರ ಕೀಳಲಿಲ್ಲ. ನಾನು ಮೊದಲ ಸಲ ಹೋದಾಗ ಅದರ ಮೇಲೆ ಕೂತುಬಿಟ್ಟೆ.

"ಏಳ್ಲಾ ಮೇಲಕ್ಕೆ! ಆ ಸೀಟು ರಿಸರ್ವು."

"ಯಾರಿಗೆ ಮಾವ?"

"ಅದೆಲ್ಲ ನಿಂಗ್ಯಾಕ್ಲಾ? ಮೊದ್ಲು ಕಾರ್ಡ್ ತೋರ್ಸು."

ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ. ಸ್ವಂತ ಸೋದರಮಾವನ ಮನೆಯೊಳಗೆ ಕಾಫಿ ಕುಡಿಯಲು ಆಧಾರ್ ಕಾರ್ಡು ತೋರಿಸಿದ ಅಳಿಯ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಇಷ್ಟೆಲ್ಲ ಮಾಡಿದ್ದು ಅತ್ತೆಗಾಗಿ. ಅವಳನ್ನು ಕೂರಿಸಿಕೊಂಡು ಊರೂರು ತಿರುಗಬೇಕೆಂಬುದು ಅವನ ಆಸೆ. ಆದರೆ ಅತ್ತೆ ಮೂರು ವರ್ಷವಾದರೂ ಆ ಬಸ್ಸಿನ ಮೆಟ್ಟಿಲು ತುಳಿಯಲಿಲ್ಲ. ಅವಳದು ಒಂದೇ ಮಾತು: "ನಿಂತಿರೋ ಬಸ್ಸಿಗೆ ನಾನು ಹತ್ತಾಕಿಲ್ಲ. ಸ್ಟಾಪಿನ ತಾವ ಬಂದು ನಿಲ್ಲಿಸ್ಲಿ, ಆಗ ನೋಡಾನ."

ಗಂಡನಿಗೆ ತಕ್ಕ ಹೆಂಡತಿ ಎಂದು ನಾನು ಸುಮ್ಮನಾದೆ. ತೊಂದರೆ ಏನೆಂದರೆ ಬಸ್ಸು ಸ್ಟಾಪಿನ ತನಕ ಹೋಗುವ ಸ್ಥಿತಿಯಲ್ಲಿರಲಿಲ್ಲ. ಮೂರು ಬೇಸಿಗೆಯ ಬಿಸಿಲಿಗೆ ನಿಂತು ಟೈರುಗಳ ಮೈಯೆಲ್ಲ ಬಿರಿದಿತ್ತು. ಎಡಗಡೆಯದು ಕೂತೇ ಹೋಗಿತ್ತು. ಒಲೆಯ ಪಕ್ಕ ಇಟ್ಟ ಕಾಫಿ ಲೋಟ ತಾನಾಗಿಯೇ ನಡೆದುಕೊಂಡು ಬಾಗಿಲಿಗೆ ಬರುತ್ತಿತ್ತು. ಆರು ಟೈರು ಬೇಕು. ಮುಂದೆ ಎರಡು, ಹಿಂದೆ ಒಂದೊಂದು ಕಡೆಗೆ ಜೋಡಿ ಜೋಡಿಯಾಗಿ ನಾಲ್ಕು. ನಾನಿರುವುದು ಬಾಗಲೂರಿನಲ್ಲಿ; ನನ್ನ ಭಾನುವಾರಗಳೆಲ್ಲ ಅದಕ್ಕೇ ಮೀಸಲಾದವು.

ಹೊಸೂರಿನ ಮೊದಲ ಅಂಗಡಿಯಲ್ಲಿ ಮಾವ ಟೈರನ್ನು ಮೂಸಿ ನೋಡಿದ, ಉಗುರಿನಿಂದ ಗೀರಿದ, ಆಮೇಲೆ ಕನ್ನಡಕ ಹಾಕಿಕೊಂಡು ಅದರ ಮೈಮೇಲಿನ ನಾಲ್ಕು ಅಂಕಿಗಳನ್ನು ಓದಿದ. ಯಾವ ವರ್ಷದ ಎಷ್ಟನೇ ವಾರ ತಯಾರಾಯಿತೆಂದು ಅದರಲ್ಲಿರುತ್ತದಂತೆ. "ಮೈಗೆ ಪಾಲಿಶ್ ಹೊಡ್ದು ನಿಲ್ಸವ್ನೆ ಕಣ್ಲಾ. ಇದು ಹುಟ್ಟಿ ಐದು ವರ್ಷ ಆಯ್ತು!" ಅಂಗಡಿಯವನು ಮುಖ ಕೆಂಪಗೆ ಮಾಡಿಕೊಂಡ. ಮಾವ ತಮಿಳಿನಲ್ಲಿ ನಮಸ್ಕಾರ ಹೇಳಿ, ತೆಲುಗಿನಲ್ಲಿ ಬೈದು, ಕನ್ನಡದಲ್ಲಿ "ನಡೀಲಾ" ಎಂದ. ಮೂರು ಭಾಷೆ ಕಲಿತವನ ಅನುಕೂಲ ನೋಡಿ!

ಎರಡನೆಯವನು ಹಳೆಯ ಟೈರಿಗೆ ಹೊಸ ರಬ್ಬರು ಹಾಕಿಸಿದ್ದನ್ನು ತೋರಿಸಿದ. ಅಗ್ಗ, ಗಟ್ಟಿ, ಗ್ಯಾರಂಟಿ ಎಂದೆಲ್ಲ ಹೊಗಳಿದ.

"ತಲೆಗೆ ಬಣ್ಣ ಹಚ್ಕೊಂಡು ಬಂದ ಮುದುಕನ್ಗೆ ಯಾರಾನಾ ಹೆಣ್ಣು ಕೊಡ್ತಾರೇನಪ್ಪ?" ಎಂದ ಮಾವ.

ಅಂಗಡಿಯವನು ಮಾವನ ತಲೆ ನೋಡಿದ. ನಾನೂ ನೋಡಿದೆ. ಕಾಡಿಗೆಯಷ್ಟು ಕಪ್ಪಗಿತ್ತು. ಹಿಂದಿನ ದಿನ ತಾನೇ ಹಚ್ಚಿಕೊಂಡಿರಬೇಕು, ಕಿವಿಯ ತುದಿಗೂ ಮೆತ್ತಿತ್ತು.

ಕೊನೆಗೆ ಕೃಷ್ಣಗಿರಿಯ ಒಂದು ಅಂಗಡಿಯಲ್ಲಿ ಮನಸ್ಸಿಗೆ ಒಪ್ಪುವ ಆರು ಟೈರು ಸಿಕ್ಕವು. ಆಡಿ ತಿಂಗಳ, ಅಂದರೆ ತಮಿಳರ ಆಷಾಢದ, ರಿಯಾಯಿತಿ ಬೇರೆ. ಅಂಗಡಿಯವನು ಖುಷಿಯಿಂದ, ನಾಳೆಯೇ ಹುಡುಗರನ್ನು ಕಳಿಸಿ ಆರನ್ನೂ ಹಾಕಿಸಿಬಿಡುತ್ತೇನೆ ಎಂದ. ಮಾವ ಬೆರಳು ಎಣಿಸಿದ.

"ಮುಂದಿನ ಎರಡು ಹಾಕು. ಹಿಂದಿನ ನಾಲ್ಕು ಬ್ಯಾಡ. ಶ್ರಾವಣ ಬರ್ಲಿ."

"ಏನ್ ಮಾವ, ಯಾಕೆ?"

"ಆಷಾಢ ಕಣ್ಲಾ! ಹೊಸ ಜೋಡಿನ ಆಷಾಢದಾಗೆ ಒಟ್ಗಿಡ್ತಾರೇನ್ಲಾ? ನಿನ್ನ ಮದ್ವೆ ಆದ್ಮೇಲೆ ಇಟ್ಟಿದ್ರಾ?"

ಇಟ್ಟಿರಲಿಲ್ಲ, ನಿಜ. ಆದರೆ ನಾನು ಟೈರಲ್ಲವಲ್ಲ! ಅಂಗಡಿಯವನು, "ಟಯರುಕ್ಕು ಏದುಣ್ಣಾ ಆಡಿ?" ಎಂದ, ಟೈರಿಗೆಂಥ ಆಷಾಢ ಅಣ್ಣಾ ಎಂದು. ಅವನ ದನಿ ಅಳುವಂತಿತ್ತು. ಮಾವ ಜಗ್ಗಲಿಲ್ಲ. ಹಿಂದಿನ ಜೋಡಿಯಲ್ಲಿ ಒಂದು ಒಳಗೆ, ಒಂದು ಹೊರಗೆ, ಅಕ್ಕಪಕ್ಕ ಅಂಟಿಕೊಂಡೇ ಬಾಳಬೇಕಾದವು, ಶುರುವಿನಲ್ಲೇ ಎಡವಟ್ಟಾದರೆ ಆಮೇಲೆ ಒಂದನ್ನೊಂದು ತಿಕ್ಕಿಕೊಂಡು ಸವೆಯುತ್ತವೆ ಎಂದು ವಿವರಿಸಿದ. ಸಂಸಾರದ ಬಗ್ಗೆ ಹೇಳುತ್ತಿದ್ದಾನೋ ಚಕ್ರದ ಬಗ್ಗೆಯೋ ಎಂದು ನಡುವೆ ನನಗೆ ಗೊಂದಲವಾಯಿತು.

ಅಷ್ಟಕ್ಕೇ ಮುಗಿಯಿತೇ? ಪ್ರತಿ ಜೋಡಿಯಿಂದ ಒಂದೊಂದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆ ಎರಡನ್ನೂ ಬಾಗಲೂರಿನ ನಮ್ಮ ಮನೆಗೆ ಕಳಿಸಿದ. ಆಷಾಢಕ್ಕೆ ತವರು! ಆಟೋದಿಂದ ಟೈರು ಇಳಿಯುವುದನ್ನು ನೋಡಿದ ನನ್ನ ಹೆಂಡತಿ, "ಏನ್ರೀ ಇದು?" ಎಂದಳು. "ಹೆಣ್ಣುಮಕ್ಕಳು" ಎಂದೆ. ಒಂದು ವಾರ ನನ್ನೊಡನೆ ಮಾತು ಬಿಟ್ಟಳು. ಆಮೇಲೆ ಒಂದರ ಮೇಲೆ ಬಟ್ಟೆ ಹಾಸಿ ಹಪ್ಪಳ ಒಣಗಿಸಿದಳು. ಇನ್ನೊಂದು ಟಿವಿ ಮುಂದೆ ನನ್ನ ಕುರ್ಚಿಯಾಯಿತು. ಶ್ರಾವಣ ಹುಟ್ಟಿದ ಮೇಲೆ ಆಟೋ ಮತ್ತೆ ಬಂದಾಗ ಅವಳೇ ಎರಡಕ್ಕೂ ಅರಿಶಿನ ಕುಂಕುಮ ಹಚ್ಚಿದಳು. ಮನೆಯಲ್ಲಿ ಹುಚ್ಚು ಹೀಗೆಯೇ ಹರಡುತ್ತದೆ.

ಹಿಂದಿನ ನಾಲ್ಕು ಟೈರೂ ಚಕ್ರಕ್ಕೆ ಕೂತವು. ಮಾವ ಹಳೆಯ ಖಾಕಿ ಅಂಗಿ ತೊಟ್ಟು, ಅತ್ತೆಯನ್ನು ಕರೆದುಕೊಂಡು ಸ್ಟಾಪಿಗೆ ಹೋಗೆಂದು ನನಗೆ ಹೇಳಿದ. ರಸ್ತೆ ಬದಿಯ ಬೇವಿನ ಮರವೇ ಸ್ಟಾಪು. ಅತ್ತೆ ಒಗೆದ ಸೀರೆ ಉಟ್ಟು ಕೈಚೀಲ ಹಿಡಿದು ನಿಂತಳು.

"ಏನತ್ತೆ ಈ ಹಟ? ಮನೆ ಮುಂದೇನೆ ಹತ್ತಬಹುದಿತ್ತಲ್ಲ?"

ಅತ್ತೆ ರಸ್ತೆಯನ್ನೇ ನೋಡುತ್ತಿದ್ದಳು. "ದಿನಾ ಇಲ್ಲೇ ನಿಂತ್ಕತಿದ್ದೆ ಕಣಪ್ಪ, ಮಾರ್ಕೆಟ್ಟಿಗೆ ಬುಟ್ಟಿ ಹೊತ್ಕೊಂಡು. ಅವ್ರ ಬಸ್ಸು ಅರ್ಧ ಖಾಲಿ ಬತ್ತಿತ್ತು. ಒಂದ್ ಹಾರನ್ ಹೊಡ್ಯೋರು, ಹೋಗ್ಬುಡೋರು. ಒಂದಿನ ಮಗಳಿಗೆ ಮೈ ಸುಡೋ ಜ್ವರ, ಎತ್ಕೊಂಡು ನಿಂತಿದ್ದೆ. ಅವತ್ತೂ ಹಾರನ್ ಹೊಡ್ದು ಹೋಗ್ಬುಟ್ರು. ರೂಲ್ಸು. ಆನೆಗೆ ನಿಲ್ಲೋ ಬಸ್ಸು ನಂಗೆ ನಿಲ್ಲಿಲ್ಲ."

ನಾನು ಅವಳ ಕೈಚೀಲಕ್ಕೆ ಕೈ ಚಾಚಿದೆ, ಅವಳು ಕೊಡಲಿಲ್ಲ.

"ಜ್ವರ ಆಮ್ಯಾಕೆ ಇಳೀತು ಬುಡು. ಅವತ್ತು ಸಾಯಂಕಾಲ ಬಂದು ಊಟ ಮಾಡ್ದೆ ಅತ್ರು," ಎಂದಳು ಅತ್ತೆ. "ಅದೂ ನಿಜಾನೇ."

ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು ಕಂಡಿತು. ಹೊಸ ಟೈರಿನ ಮೇಲೆ ಮದುವಣಗಿತ್ತಿಯ ಹಾಗೆ ಬಂತು. ಹತ್ತಿರ ಬಂದು ಒಂದು ಹಾರನ್ ಹೊಡೆಯಿತು. ಮತ್ತೆ ನಮ್ಮನ್ನು ದಾಟಿ ಹೋಗಿಯೇ ಬಿಟ್ಟಿತು! ಅತ್ತೆಯ ಕೈ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿಯಿತು.

ಇಪ್ಪತ್ತು ಮಾರು ಆಚೆ ಬ್ರೇಕು ಕಿರುಚಿತು. ಅವನ ಕಾಲಿಗೆ ಆ ಮರದ ಹತ್ತಿರ ನಿಲ್ಲಿಸಿ ಅಭ್ಯಾಸವಿರಲಿಲ್ಲ, ಪಾಪ. ಬಸ್ಸು ಮೆಲ್ಲಗೆ ಹಿಂದಕ್ಕೆ ಬಂದು, ಬಾಗಿಲು ಸರಿಯಾಗಿ ಅತ್ತೆಯ ಎದುರಿಗೆ ಬರುವ ಹಾಗೆ ನಿಂತಿತು. ಮಾವ ಇಳಿದು ಬಂದು ಮೆಟ್ಟಿಲ ಕೆಳಗೆ ಒಂದು ಮಣೆ ಇಟ್ಟ.

"ನಂತಾವ ಕಾರ್ಡಿಲ್ಲ," ಎಂದಳು ಅತ್ತೆ.

ಮಾವ ಹೆಗಲು ಒಡ್ಡಿ ನಿಂತ. "ನಿನ್ನನ್ಯಾರೇ ಕೇಳಿದ್ದು ಕಾರ್ಡು? ಹತ್ತು."

ಅತ್ತೆ ಅವನ ಹೆಗಲು ಹಿಡಿದು ಹತ್ತಿದಳು. ಮಂಚವನ್ನೂ ಒಲೆಯನ್ನೂ ಪರದೆಯನ್ನೂ ನೋಡಲಿಲ್ಲ. ಬಾಗಿಲ ಪಕ್ಕದ ಆ ಒಂದೇ ಸೀಟಿನಲ್ಲಿ ಕೂತು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಳು. ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಮಣೆ ಎತ್ತಿಕೊಂಡು ನಾನೂ ಮೆಟ್ಟಿಲ ಮೇಲೆ ಕಾಲಿಟ್ಟೆ.

"ನಿನ್ ಕಾರ್ಡೆಲ್ಲೋ?" ಎಂದ ಮಾವ.

ಜೇಬು ತಡವಿದೆ. ಮನೆಯಲ್ಲಿ ಬಿಟ್ಟು ಬಂದಿದ್ದೆ. ಮಾವ ನನ್ನ ಕೈಯಿಂದ ಮಣೆ ತೆಗೆದುಕೊಂಡು ಬಾಗಿಲು ಹಾಕಿದ. ಬಸ್ಸು ಹೊರಟಿತು, ಕಿಟಕಿಯಲ್ಲಿ ಅತ್ತೆ ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದಳು. ನಾನು ಬೇವಿನ ಮರದ ಕೆಳಗೆ, ಅವಳು ಅಷ್ಟು ವರ್ಷ ನಿಂತ ಜಾಗದಲ್ಲಿ, ಟೌನ್ ಬಸ್ಸಿಗೆ ಕಾಯುತ್ತಾ ನಿಂತೆ. ತಿರುವಿನಲ್ಲಿ ಮಾವ ನನಗೆ ಒಂದು ಹಾರನ್ ಹೊಡೆದ.